ತಾನಾಗಿಯೇ ಆಫ್ ಆಗುತ್ತಿದ್ದ ನನ್ನ ಪುಟ್ಟ ಕಂಪ್ಯೂಟರು

ಏಪ್ರಿಲ್ ತಿಂಗಳ ಮಧ್ಯಾಹ್ನ, ರಾಯಚೂರು. ಕೋಣೆಯ ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರು 39 ಡಿಗ್ರಿ ತೋರಿಸುತ್ತಿತ್ತು. ಸಿಇಟಿ ಬರೆಯುವ ಮಕ್ಕಳಿಗಾಗಿ ಮಾಡಿದ ಭೌತಶಾಸ್ತ್ರದ ವಿಡಿಯೊ ಎಕ್ಸ್‌ಪೋರ್ಟ್ ಆಗುತ್ತಿತ್ತು. ನೂರಕ್ಕೆ 83ರಷ್ಟು ಮುಗಿದಿತ್ತು. ಟಕ್ ಅಂತ ಎಲ್ಲ ಕಪ್ಪು. ಫ್ಯಾನಿನ ಸದ್ದೂ ಇಲ್ಲ. ಆ ವಾರದಲ್ಲಿ ಅದು ಮೂರನೇ ಸಲ.

ಇದು ನಾನೇ ಕೈಯಾರೆ ಜೋಡಿಸಿದ ಕಂಪ್ಯೂಟರು. 2022ರಲ್ಲಿ ನನ್ನ ತಮ್ಮ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದೊಂದೇ ಭಾಗ ತಂದುಕೊಟ್ಟಿದ್ದ. ರೈಜನ್ 5 5600ಜಿ ಪ್ರೊಸೆಸರ್, 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೇಸು ಮಿಕ್ಸಿ ಬಂದ ರಟ್ಟಿನ ಡಬ್ಬಿಗಿಂತ ಚಿಕ್ಕದು. ನಮ್ಮದು ಹಳೇ ಕಲ್ಲಿನ ಮನೆ. ಗೋಡೆ ದಪ್ಪ, ಗೋಡೆಯಲ್ಲೇ ಗೂಡುಗಳಿವೆ. ಅಂಥ ಒಂದು ಗೂಡಿನಲ್ಲಿ ಇದನ್ನು ಇಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ.

ಆಫ್ ಆಗಲು ಶುರುವಾದಾಗ ನಾನು ಮಾಡಿದ್ದು ಹುಚ್ಚು ಕೆಲಸ. ‘ಬೇಸಿಗೆ ಅಲ್ವಾ, ಬಿಸಿಯಾಗಿರಬೇಕು’ ಅಂದುಕೊಂಡು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ, ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದೆ, ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಎಲ್ಲ ಒಂದೇ ಸಂಜೆ. ನಾಲ್ಕು ದಿನ ಸುಮ್ಮನಿತ್ತು. ಐದನೇ ದಿನ ಮತ್ತೆ ಟಕ್. ಲ್ಯಾಬಿನಲ್ಲಿ ಮಕ್ಕಳು ಒಟ್ಟಿಗೇ ಮೂರು ಬದಲಾವಣೆ ಮಾಡಿ ರೀಡಿಂಗ್ ತಂದರೆ ನಾನೇ ರೆಕಾರ್ಡಿನಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಇಲ್ಲಿ ಗೆರೆ ಎಳೆಯುವವರು ಯಾರೂ ಇರಲಿಲ್ಲ.

ಮೊದಲು ಒಂದು ನೋಟ್‌ಬುಕ್

ನಿಮ್ಮ ಕಂಪ್ಯೂಟರಿಗೂ ಈ ಕಾಯಿಲೆ ಇದ್ದರೆ ಸ್ಕ್ರೂಡ್ರೈವರ್ ಆಮೇಲೆ ತೆಗೆಯಿರಿ. ಎರಡು ವಾರ ಬರೆದಿಡಿ: ಆಫ್ ಆದ ದಿನ, ಗಂಟೆ, ಆಗ ಏನು ಓಡುತ್ತಿತ್ತು, ಕೋಣೆ ಎಷ್ಟು ಡಿಗ್ರಿ ಇತ್ತು, ಮತ್ತೆ ಹೇಗೆ ಆನ್ ಆಯಿತು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಅದರಲ್ಲೇ ಅರ್ಧ ಉತ್ತರ ಇರುತ್ತದೆ. ಬಟನ್ ಒತ್ತಿದ ತಕ್ಷಣ ಏನೂ ಆಗದವರಂತೆ ಆನ್ ಆಯಿತು ಅಂದರೆ ಕರೆಂಟಿನ ಕಡೆ ಅನುಮಾನ ಪಡಬೇಕು. ಎಷ್ಟು ಒತ್ತಿದರೂ ಆಗಲಿಲ್ಲ, ಹತ್ತು ಹದಿನೈದು ನಿಮಿಷ ಬಿಟ್ಟರೆ ಆಯಿತು ಅಂದರೆ ಒಳಗೆ ಯಾವುದೋ ಬಿಸಿಯಾಗಿ ತನ್ನನ್ನು ತಾನೇ ಕಾಪಾಡಿಕೊಂಡಿದೆ, ಹೆಚ್ಚಾಗಿ ಪವರ್ ಸಪ್ಲೈ, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ಭಾಗ. ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆದರೆ ರ‍್ಯಾಮ್ ಅಥವಾ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಕಡೆ ನೋಡಿ. ನೀಲಿ ಪರದೆ ಮಿಂಚಿ ಮಾಯವಾಗುತ್ತಿದ್ದರೆ ಸಿಸ್ಟಂ ಸೆಟ್ಟಿಂಗಿನ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಟಿಕ್ ತೆಗೆಯಿರಿ, ಪರದೆ ನಿಲ್ಲುತ್ತದೆ.

ವಿಂಡೋಸಿನ ಈವೆಂಟ್ ವ್ಯೂಯರನ್ನೂ ತೆರೆಯಿರಿ, ಯಾವಾಗ ಏನಾಯಿತು ಅಂತ ಅದರಲ್ಲಿ ದಾಖಲಾಗಿರುತ್ತದೆ. ‘ಸಿಸ್ಟಂ’ ಲಾಗಿನಲ್ಲಿ ಆ ಹೊತ್ತಿಗೆ 1074 ಎಂಬ ಸಂಖ್ಯೆ ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕ್ರಮವಾಗಿಯೇ ಮುಚ್ಚಿದೆ. ಅದು ಕಾಯಿಲೆಯೇ ಅಲ್ಲ. ನಿಮಗೆ ಸಿಗುವುದು ಬಹುಶಃ ‘ಕರ್ನಲ್-ಪವರ್ 41’. ಅದನ್ನು ನೋಡಿ ‘ಓಹೋ, ಪವರ್ ಸಮಸ್ಯೆ’ ಅಂತ ಕುಣಿಯಬೇಡಿ. ಸರಿಯಾಗಿ ಮುಚ್ಚದೆ ಮತ್ತೆ ಶುರುವಾಯಿತು ಅನ್ನುವುದಷ್ಟೇ ಅದರ ಅರ್ಥ. ಬಟನ್ ಹಿಡಿದು ನೀವೇ ಆಫ್ ಮಾಡಿದರೂ ಅದು ಬರುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ‘ಎಚ್‌ಡಬ್ಲ್ಯೂಇನ್ಫೋ’ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಸೆನ್ಸರುಗಳ ರೀಡಿಂಗನ್ನು ಎರಡೆರಡು ಸೆಕೆಂಡಿಗೆ ಫೈಲಿಗೆ ಬರೆದಿಡುವ ಬಟನ್ ಇದೆ. ಅದನ್ನು ಒತ್ತಿ ಬಿಟ್ಟುಬಿಡಿ. ಆಫ್ ಆದ ಮೇಲೆ ಫೈಲಿನ ಕೊನೆಯ ಸಾಲು ನೋಡಿದರೆ ಸಾಯುವ ಗಳಿಗೆಯಲ್ಲಿ ಪ್ರೊಸೆಸರ್ ಎಷ್ಟು ಬಿಸಿ ಇತ್ತು ಅಂತ ಗೊತ್ತಾಗುತ್ತದೆ. ಲಿನಕ್ಸ್ ಇರುವವರು ‘ಸೆನ್ಸರ್ಸ್’ ಕಮಾಂಡಿನ ಉತ್ತರವನ್ನು ಹೀಗೇ ಬರೆದಿಡಬಹುದು.

ಹದಿನೆಂಟು ದಿನದಲ್ಲಿ ನನ್ನದು ಆರು ಸಲ ಆಫ್ ಆಯಿತು. ಎರಡು ಸಲ ಮಧ್ಯಾಹ್ನ. ಕೊನೆಯ ಸಾಲಿನಲ್ಲಿ 95 ಡಿಗ್ರಿ. ಕಾಲು ಗಂಟೆ ತಣಿಯುವ ತನಕ ಆನ್ ಆಗಲಿಲ್ಲ. ಉಳಿದ ನಾಲ್ಕು ಸಲ ಬೆಳಿಗ್ಗೆ ಆರರಿಂದ ಏಳೂವರೆಯ ಒಳಗೆ. ಕೊನೆಯ ಸಾಲಿನಲ್ಲಿ 85, 87. ಬಟನ್ ಒತ್ತಿದ ತಕ್ಷಣ ಆನ್. ಬೆಳಿಗ್ಗೆ ಆರೂವರೆಗೆ ರಾಯಚೂರಿನಲ್ಲೂ ಸೆಕೆ ಕಡಿಮೆಯೇ. ಒಂದು ಕಾಯಿಲೆ ಅಂದುಕೊಂಡಿದ್ದೆ, ಇದ್ದದ್ದು ಎರಡು.

ಬಿಸಿ: ಡಿಗ್ರಿ ಬಿಡಿ, ವ್ಯತ್ಯಾಸ ನೋಡಿ

‘ನನ್ನ ಪ್ರೊಸೆಸರ್ 87 ಡಿಗ್ರಿ, ಪರವಾಗಿಲ್ವಾ?’ ಅಂತ ಕೇಳಿದರೆ ಉತ್ತರ ಹೇಳಲು ಆಗುವುದಿಲ್ಲ. ಕೋಣೆ ಎಷ್ಟಿತ್ತು ಅಂತಲೂ ಹೇಳಬೇಕು. ಅದೇ ಕೆಲಸ, ಅದೇ ಫ್ಯಾನ್ ವೇಗ ಇದ್ದರೆ ಪ್ರೊಸೆಸರ್ ಕೋಣೆಗಿಂತ ಎಷ್ಟು ಡಿಗ್ರಿ ಮೇಲಿರುತ್ತದೆ ಅನ್ನುವುದು ಹೆಚ್ಚುಕಮ್ಮಿ ಒಂದೇ ಆಗಿರುತ್ತದೆ. ನನ್ನದು ಬೆಳಿಗ್ಗೆ ಕೋಣೆ 31 ಇದ್ದಾಗ 87. ವ್ಯತ್ಯಾಸ 56. ಜನವರಿಯಲ್ಲಿ ಕೋಣೆ 24 ಇದ್ದರೆ 80ಕ್ಕೆ ನಿಲ್ಲುತ್ತದೆ, ಯಾರಿಗೂ ತೊಂದರೆ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ 39 ಆದರೆ ಸರಿಯಾಗಿ 95. ಈ ಪ್ರೊಸೆಸರಿನ ಗಡಿಯೇ 95. ಬೆಂಗಳೂರಿನಲ್ಲಿ ಕೂತು ‘ನನಗೇನೂ ಆಗಿಲ್ಲ’ ಅನ್ನುವವರ ಮಾತು ನಮ್ಮೂರಿಗೆ ಯಾಕೆ ಹೊಂದುವುದಿಲ್ಲ ಅನ್ನುವುದು ಈ ಲೆಕ್ಕದಲ್ಲೇ ಇದೆ.

ಅಳೆಯುವಾಗ ಗಡಿ ಮುಟ್ಟದ ಹೊತ್ತಿನಲ್ಲಿ ಅಳೆಯಿರಿ. ಗಡಿ ಮುಟ್ಟಿದರೆ ಪ್ರೊಸೆಸರ್ ವೇಗ ಇಳಿಸಿ 95ರಲ್ಲೇ ಜೋತುಬೀಳುತ್ತದೆ, ವ್ಯತ್ಯಾಸ ಸುಳ್ಳಾಗುತ್ತದೆ. ಇದರಲ್ಲಿ ಇನ್ನೊಂದು ಮಾತೂ ಇದೆ. ಬಿಸಿಯಾದ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ತೀರಾ ಮಿತಿ ಮೀರಿದರೆ ಮಾತ್ರ ಆಫ್ ಆಗುತ್ತದೆ. ನನ್ನದು 4.2 ಗಿಗಾಹರ್ಟ್ಸ್‌ನಿಂದ 3.5ಕ್ಕೆ ಇಳಿದು ಒದ್ದಾಡುತ್ತಿತ್ತು, ಆದರೂ ಬದುಕಿತ್ತು. ಮಧ್ಯಾಹ್ನ ಕೈಕೊಡುತ್ತಿದ್ದದ್ದು ಪಕ್ಕದಲ್ಲೇ ಕೂತಿದ್ದ ಪವರ್ ಸಪ್ಲೈ. ಪ್ರೊಸೆಸರ್ ಬಿಟ್ಟ ಬಿಸಿ ಗಾಳಿಯನ್ನೇ ಅದು ಎಳೆದುಕೊಳ್ಳುತ್ತಿತ್ತು.

ಮೊದಲ ಪರೀಕ್ಷೆಗೆ ಕಾಸು ಬೇಕಿಲ್ಲ. ಕೇಸಿನ ಪಕ್ಕದ ತಗಡು ತೆಗೆದು ಅದೇ ಕೆಲಸ ಅರ್ಧ ಗಂಟೆ ಓಡಿಸಿ. ವ್ಯತ್ಯಾಸ ಜೋರಾಗಿ ಇಳಿದರೆ ಕೇಸಿಗೆ ಉಸಿರಾಟದ ತೊಂದರೆ. ಇಳಿಯದಿದ್ದರೆ ತೊಂದರೆ ಪ್ರೊಸೆಸರಿನ ಮೇಲೆ ಕೂತು ಅದನ್ನು ತಣಿಸುವ ಕೂಲರಿನಲ್ಲೋ, ಎರಡರ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟಿನಲ್ಲೋ ಇದೆ. ನನ್ನದು 9 ಡಿಗ್ರಿ ಇಳಿಯಿತು, ಆದರೂ 47 ಉಳಿಯಿತು. ಅಂದರೆ ಎರಡೂ ಕಡೆ ತಪ್ಪು.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಹೋಗಲು ಬಿಟ್ಟು, ಕೇಸನ್ನು ಹಿತ್ತಲಿಗೆ ಒಯ್ದೆ. ಒಂದು ಇಂಚಿನ ಪೇಂಟ್ ಬ್ರಷ್ ಮತ್ತು ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಿರ್ರೆಂದು ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ನನ್ನ ಕೂಲರಿನ ತೆಳು ತಗಡುಗಳ ನಡುವೆ ಬಂದದ್ದು ಬರೀ ಧೂಳಲ್ಲ. ಎರೆಮಣ್ಣಿನ ಪುಡಿ, ಹತ್ತಿಯ ನೂಲು, ಅದಕ್ಕೆ ಊದುಬತ್ತಿಯ ಹೊಗೆ ಮತ್ತು ಒಗ್ಗರಣೆಯ ಜಿಡ್ಡು ಸೇರಿ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ಅಡುಗೆಮನೆಗೆ ಹೊಂದಿದ ಕೋಣೆಯಲ್ಲಿ ಕಂಪ್ಯೂಟರ್ ಇದ್ದರೆ ಒಣ ಬ್ರಷ್ಷಿಗೆ ಇದು ಬಿಡುವುದಿಲ್ಲ. ಫ್ಯಾನ್ ಬಿಚ್ಚಿ ಬರೀ ಲೋಹದ ಭಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಉಜ್ಜಬೇಕಾಯಿತು. ಮೊಬೈಲ್ ರಿಪೇರಿಯವರ ಹತ್ತಿರ ಅದು ಸಿಗುತ್ತದೆ, ‘ಐಪಿಎ’ ಅಂತ ಕೇಳಿ.

ಅದಕ್ಕಾಗಿ ಕೂಲರ್ ಬಿಚ್ಚಬೇಕಿತ್ತು. ‘ಅತ್ತೆ, ಇವತ್ತು ಕೂಲರ್ ಬಿಚ್ಚಿ ತೊಳೀಬೇಕು’ ಅಂತ ನಾನು ಹೇಳಿದ್ದೇ ತಡ, ಅತ್ತೆ ‘ತಡಿಯವ್ವಾ, ಎರಡು ಕೊಡ ನೀರು ತರ್ತೀನಿ’ ಅಂತ ಹೊರಟರು. ನಮ್ಮೂರಲ್ಲಿ ಕೂಲರ್ ಅಂದರೆ ಹುಲ್ಲಿನ ಪ್ಯಾಡ್ ಇರುವ, ನೀರು ಹಾಕುವ ಕೂಲರ್. ಇದು ಅಂಗೈ ಅಗಲದ್ದು ಅಂತ ತೋರಿಸಿದ ಮೇಲೆ ನಕ್ಕರು.

ಇಲ್ಲಿ ಒಂದು ಅಪಾಯ ಇದೆ, ನಿಧಾನವಾಗಿ ಓದಿ. ನನ್ನದರಂಥ ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್‌ಗಳಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ, 1331 ಪಿನ್ನು. ಹಳೇ ಪೇಸ್ಟ್ ಒಣಗಿ ಅಂಟಿನಂತಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಜೊತೆಗೇ ಬರುತ್ತದೆ, ಪಿನ್ನು ಬಾಗುತ್ತವೆ. ಅದಕ್ಕೇ ಬಿಚ್ಚುವ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಡಬ್ಬಿಯ ಮುಚ್ಚಳ ತಿರುಗಿಸುವ ಹಾಗೆ ಅತ್ತ ಇತ್ತ ತಿರುಗಿಸಿ. ಬಿಡಿಸಿಕೊಂಡ ಮೇಲಷ್ಟೇ ಎತ್ತಿ. ಇಂಟೆಲ್‌ನ ಎಲ್‌ಜಿಎ ಸಾಕೆಟ್ಟುಗಳಲ್ಲಿ ಪಿನ್ನು ಬೋರ್ಡಿನಲ್ಲಿರುತ್ತವೆ, ಪ್ರೊಸೆಸರನ್ನು ಚೌಕಟ್ಟು ಒತ್ತಿ ಹಿಡಿದಿರುತ್ತದೆ. ಅಲ್ಲಿ ಈ ಭಯ ಇಲ್ಲ.

ಎರಡೂ ಮೇಲ್ಮೈ ಒರೆಸಿ ಹೊಳೆಯುವ ಹಾಗೆ ಮಾಡಿ, ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಹರಡುವ ಗೋಜು ಬೇಡ, ಸ್ಕ್ರೂ ಬಿಗಿದಾಗ ಕೂಲರಿನ ಒತ್ತಡವೇ ಹರಡುತ್ತದೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡು ಸುತ್ತು ಬಿಗಿಯುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಕೂರುತ್ತದೆ. ಹೊಸದಾಗಿ ಜೋಡಿಸುವವರು ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದೆಯಾ ಅಂತ ನೋಡಿ. ನಗಬೇಡಿ, ತೆಗೆಯದೆ ಹಾಕಿದವರು ಎಷ್ಟೋ ಜನ.

ಇಷ್ಟಕ್ಕೆ ನನ್ನ ವ್ಯತ್ಯಾಸ 56ರಿಂದ 49ಕ್ಕೆ ಬಂತು.

ಮುಂದಿನದು ಊದುಬತ್ತಿ ಪರೀಕ್ಷೆ. ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಒಂದು ಊದುಬತ್ತಿಯನ್ನು ಕೇಸಿನ ಒಂದೊಂದೇ ಕಿಂಡಿಯ ಹತ್ತಿರ ಹಿಡಿಯಿರಿ. ಬೂದಿ ಒಳಗೆ ಬೀಳದ ಹಾಗೆ ತುಸು ದೂರ. ಹೊಗೆ ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ತಳ್ಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ನನ್ನ ಕೇಸಿನ ಹಿಂಬದಿಯ ಫ್ಯಾನ್ ಹೊಗೆಯನ್ನು ಹೊರಗೆ ತಳ್ಳಬೇಕಿತ್ತು, ಒಳಗೆ ಎಳೆಯುತ್ತಿತ್ತು. ಅಂದರೆ ನಾನು ಅದನ್ನು ಹಿಂದುಮುಂದಾಗಿ ಹಾಕಿದ್ದೆ, ಎರಡು ವರ್ಷ ಹಾಗೇ ಓಡಿಸಿದ್ದೆ. ಫ್ಯಾನಿನ ಯಾವ ಬದಿಯಲ್ಲಿ ಮೋಟರನ್ನು ಹಿಡಿದ ಕಡ್ಡಿಗಳು ಇರುತ್ತವೋ ಆ ಕಡೆ ಗಾಳಿ ಹೊರಗೆ ಬರುತ್ತದೆ. ತಿರುಗಿಸಿ ಹಾಕಿದೆ. 49 ಹೋಗಿ 44 ಆಯಿತು.

ಕೊನೆಗೆ ಒಪ್ಪಿಕೊಳ್ಳಲೇಬೇಕಾಯಿತು, ದೊಡ್ಡ ತಪ್ಪು ಗೂಡಿನದು. ಮೂರು ಕಡೆ ಕಲ್ಲು. ಹಿಂದೆ ಬಿಟ್ಟ ಬಿಸಿ ಗಾಳಿ ಗೋಡೆಗೆ ಬಡಿದು ತಿರುಗಿ ಮುಂದಿನ ಕಿಂಡಿಗೇ ಬರುತ್ತಿತ್ತು. ಶಾಖವನ್ನು ಎಲ್ಲಿಗಾದರೂ ಸಾಗಹಾಕಲೇಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಕೃಷ್ಣಾ ನದಿ ಪಕ್ಕದಲ್ಲಿ ಬೇಕಾಯಿತು. ನನ್ನ ಡಬ್ಬಿಗೆ ಒಂದು ಗೇಣು ಖಾಲಿ ಜಾಗವಾದರೂ ಬೇಡವೇ? ತೆಗೆದು ಮೇಜಿನ ಮೇಲಿಟ್ಟೆ, ಸುತ್ತ ಒಂದು ಗೇಣು ಬಿಟ್ಟು. 44ರಿಂದ 36. ಅಂದಿನಿಂದ ಮಧ್ಯಾಹ್ನದ ಆಫ್ ಕಾಯಿಲೆ ಒಮ್ಮೆಯೂ ಬಂದಿಲ್ಲ.

ಬಯೋಸಿನಲ್ಲಿ ಇನ್ನೊಂದು ಕೆಲಸ ಮಾಡಿದೆ. 5600ಜಿ 65 ವ್ಯಾಟ್ ಅಂತ ಹೆಸರಿಗೆ, ಭಾರದ ಕೆಲಸದಲ್ಲಿ 88ರ ತನಕ ಎಳೆಯಲು ಬಿಟ್ಟಿರುತ್ತಾರೆ. ಅದನ್ನು 45 ವ್ಯಾಟ್ ಮಟ್ಟಕ್ಕೆ ಇಳಿಸುವ ಆಯ್ಕೆ ಇದೆ. ಕೆಲವು ಬೋರ್ಡುಗಳಲ್ಲಿ ‘ಇಕೊ ಮೋಡ್’ ಅನ್ನುತ್ತಾರೆ, ಕೆಲವುದರಲ್ಲಿ ‘ಸಿಟಿಡಿಪಿ’. ವ್ಯತ್ಯಾಸ 27ಕ್ಕೆ ಇಳಿಯಿತು. ಇಪ್ಪತ್ತು ನಿಮಿಷದ ಎಕ್ಸ್‌ಪೋರ್ಟ್ ಇಪ್ಪತ್ತೆರಡು ನಿಮಿಷ ಆಯಿತು. ಆ ಎರಡು ನಿಮಿಷಕ್ಕೆ ಅಳುವವಳು ನಾನಲ್ಲ. ಸಣ್ಣ ಕೇಸು, ಬಿಸಿ ಊರು, ಎರಡೂ ಇರುವವರು ದುಬಾರಿ ಕೂಲರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಕೊಳ್ಳುವುದೇ ಆದರೆ ಎತ್ತರ ಅಳೆದು ಕೊಳ್ಳಿ. ಇದರ ಜೊತೆ ಬರುವ ಕೂಲರೇ 54 ಮಿಲಿಮೀಟರ್ ಎತ್ತರ ಇದೆ.

ಒಂದು ಮಾತ್ರ ಮಾಡಬೇಡಿ. ನೀರಿನ ಕೂಲರಿನ ಎದುರಿಗೆ ಕೇಸನ್ನು ಇಡಬೇಡಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಕೊಡಕ್ಕೇ ಬಿಳಿ ಪದರ ಕಟ್ಟುತ್ತದೆ. ಅದರ ತುಂತುರು ಬೋರ್ಡಿನ ಮೇಲೆ ಬಿದ್ದರೆ ಆಮೇಲೆ ಯಾವ ಪೇಸ್ಟೂ ಕಾಯುವುದಿಲ್ಲ.

ಬೆಳಗಿನ ಆಫ್

ಇಷ್ಟಾದ ಮೇಲೂ ಬೆಳಿಗ್ಗೆ ಒಮ್ಮೆ ಆಫ್ ಆಯಿತು. ಪ್ರೊಸೆಸರ್ ಆಗ 60 ಡಿಗ್ರಿಯೂ ಇರಲಿಲ್ಲ. ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋದೆ. ನಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಜೊತೆಗೆ ನಲ್ಲಿ ನೀರು ಬಂದ ದಿನಕ್ಕೆ ‘ನೀ’ ಅಂತ ಬರೆದಿರುತ್ತದೆ. ಐದಕ್ಕೆ ಐದೂ ಬೆಳಗಿನ ಆಫ್‌ಗಳು ‘ನೀ’ ಇರುವ ದಿನವೇ. ನೀರು ಬಂದ ದಿನ ನಾವು ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕುತ್ತೇವೆ. ಓಣಿಯ ಎಲ್ಲರೂ ಅದೇ ಹೊತ್ತಿಗೆ ಹಾಕುತ್ತಾರೆ.

ಒಂದು ಎಚ್‌ಪಿ ಮೋಟರ್ ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ. ಆ ಕ್ಷಣ ಮನೆಯ ವೋಲ್ಟೇಜ್ ಕುಸಿಯುತ್ತದೆ. ಸಾಕೆಟ್ಟಿಗೆ ಚುಚ್ಚುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್ ತಂದು ಹಾಕಿದೆ. 224 ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 171 ತೋರಿಸಿ ಮೇಲೆ ಬಂತು. ಆಮೇಲೆ ಕೇಸಿನ ಜೊತೆ ಬಂದಿದ್ದ ಪವರ್ ಸಪ್ಲೈಯ ಚೀಟಿ ಓದಿದೆ. 200ರಿಂದ 240 ವೋಲ್ಟ್ ಅಂತ ಇತ್ತು. 171 ಅದರ ಲೆಕ್ಕದಲ್ಲೇ ಇಲ್ಲ.

ಹಾಗಾದರೆ ಮೋಟರ್ ಹಾಕಿದಾಗಲೆಲ್ಲ ಯಾಕೆ ಆಫ್ ಆಗುತ್ತಿರಲಿಲ್ಲ? ಪವರ್ ಸಪ್ಲೈಯ ಒಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಕರೆಂಟ್ ಇಲ್ಲದಿದ್ದರೂ ಚೂರು ಹೊತ್ತು ದಾಟಿಸುತ್ತದೆ, ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್. ನಾನು ಟೈಪ್ ಮಾಡುತ್ತಾ ಕೂತಿದ್ದರೆ ಯಂತ್ರ ಎಳೆಯುವುದು ಕಡಿಮೆ, ಆ ಕೂಡಿಟ್ಟದ್ದು ಹೆಚ್ಚು ಹೊತ್ತು ಬರುತ್ತದೆ. ವಿಡಿಯೊ ಎಕ್ಸ್‌ಪೋರ್ಟ್ ಆಗುತ್ತಿದ್ದರೆ ಬೇಗ ಖಾಲಿ. ಹಾಗಾಗಿ ಭಾರದ ಕೆಲಸ ಇದ್ದಾಗಲೇ ಆಫ್ ಆಗುತ್ತಿತ್ತು. ಭಾರದ ಕೆಲಸ ಇದ್ದಾಗಲೇ ಬಿಸಿಯೂ ಇರುತ್ತದೆ. ಬಿಸಿಯ ಮೇಲೆ ಗೂಬೆ ಕೂರಿಸಲು ಇಷ್ಟು ಸಾಕಲ್ವಾ?

ಬೇಕಂತಲೇ ಪರೀಕ್ಷೆ ಮಾಡಿದೆ. ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು, ಎಕ್ಸ್‌ಪೋರ್ಟ್ ಹಚ್ಚಿ, ಮನೆಯವರಿಗೆ ‘ಹಾಕಿ ಮೋಟರ್’ ಅಂತ ಕೂಗಿದೆ. ಮೂರು ಸಲದಲ್ಲಿ ಎರಡು ಸಲ ಆಫ್. ಸುಮ್ನೆ ಆನ್ ಇಟ್ಟು ಮೂರು ಸಲ ಮೋಟರ್ ಹಾಕಿದಾಗ ಒಮ್ಮೆಯೂ ಇಲ್ಲ.

ಎಕ್ಸ್‌ಟೆನ್ಷನ್ ಬೋರ್ಡನ್ನೂ ನೋಡಿದೆ. ಪ್ಲಗ್ ಅಲುಗಾಡಿಸಿದರೆ ಚಿಟಚಿಟ ಸದ್ದು, ಒಳಗೆ ಕಪ್ಪು ಕಲೆ. ಅದನ್ನು ಎಸೆದು ಗೋಡೆಯ ಸಾಕೆಟ್ಟಿಗೇ ಕೊಟ್ಟೆ. ಆಮೇಲೆ 450 ವ್ಯಾಟಿನ, 100ರಿಂದ 240 ವೋಲ್ಟ್ ತಡೆಯುವ ಎಸ್‌ಎಫ್‌ಎಕ್ಸ್ (ಸಣ್ಣ ಕೇಸಿಗೆ ಹೊಂದುವ ಅಳತೆ) ಪವರ್ ಸಪ್ಲೈ ತರಿಸಿದೆ. ನನ್ನ ಯಂತ್ರ ಎಷ್ಟೇ ದುಡಿದರೂ 120 ವ್ಯಾಟ್ ದಾಟುವುದಿಲ್ಲ. ಹಾಗಾಗಿ ವ್ಯಾಟ್ ನೋಡಿ ಕೊಳ್ಳಲಿಲ್ಲ, ವೋಲ್ಟ್ ನೋಡಿ ಕೊಂಡೆ. ಹಳೆಯದು ಎರಡು ಬೇಸಿಗೆ ಗೂಡಿನಲ್ಲಿ ಬೆಂದಿತ್ತು. ಹತ್ತು ಡಿಗ್ರಿ ಬಿಸಿ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧ ಅನ್ನುವುದು ಎಲೆಕ್ಟ್ರಾನಿಕ್ಸಿನವರ ಹಳೇ ಲೆಕ್ಕ. ಅದನ್ನು ಬಿಚ್ಚಿ ನೋಡುವ ಆಸೆ ಆಗಿತ್ತು, ನೋಡಲಿಲ್ಲ. ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಹೊಸದು ಹಾಕಿ ಅದೇ ಪರೀಕ್ಷೆ ಹತ್ತು ಸಲ ಮಾಡಿದೆ. ದೀಪ ಮಂಕಾಯಿತು, ಕಂಪ್ಯೂಟರ್ ಕದಲಲಿಲ್ಲ. ಪೂರ್ತಿ ಕರೆಂಟ್ ಹೋಗುವುದಕ್ಕೆ ಯುಪಿಎಸ್ ಬೇಕೇ ಬೇಕು, ಅದು ಬೇರೆ ಮಾತು. ನಾನು 600 ವಿಎಯದ್ದು ಇಟ್ಟಿದ್ದೇನೆ, ಅಂದರೆ 360 ವ್ಯಾಟ್. ವೋಲ್ಟೇಜ್ ಇಳಿದಾಗ ತಾನೇ ಏರಿಸಿಕೊಡುವ ಎವಿಆರ್ ಇರುವುದನ್ನೇ ಕೇಳಿ.

ಎರಡೂ ಅಲ್ಲದಿದ್ದರೆ

ರ‍್ಯಾಮ್ ಕಡ್ಡಿಗಳನ್ನು ಕಿತ್ತು ಒತ್ತಿ ಕೂರಿಸಿ, ಬಯೋಸಿನಲ್ಲಿ ಅವುಗಳ ವೇಗ ಏರಿಸುವ ಎಕ್ಸ್‌ಎಂಪಿ ಆಯ್ಕೆ ಆಫ್ ಮಾಡಿ, ಅವನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಬೋರ್ಡಿನ ಅಡಿಯಲ್ಲಿ ಬಿದ್ದ ಸ್ಕ್ರೂ ಇದೆಯಾ ನೋಡಿ. ಕಾಲೇಜಿನ ಗೆಳತಿಯೊಬ್ಬಳ ಕಂಪ್ಯೂಟರ್ ಆನ್ ಆದ ಸ್ವಲ್ಪ ಹೊತ್ತಿಗೇ ಆಫ್ ಆಗುತ್ತಿತ್ತು. ಬಿಸಿ ಇಲ್ಲ, ಕರೆಂಟ್ ಸರಿ. ಪವರ್ ಬಟನ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಆಫ್ ಅನ್ನುವುದು ಬೋರ್ಡಿನ ನಿಯಮ, ಅದು ತನ್ನ ಕೆಲಸ ಮಾಡುತ್ತಿತ್ತು. ಬಟನ್ನಿನ ವೈರನ್ನು ಬೋರ್ಡಿನಿಂದ ಕಿತ್ತು, ಆ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿದೆವು. ದಿನವಿಡೀ ಓಡಿತು.

ಮೇ ತಿಂಗಳಲ್ಲಿ ಕೋಣೆ 42 ಮುಟ್ಟಿದ ದಿನ ನನ್ನದು ಎಕ್ಸ್‌ಪೋರ್ಟ್ ಮಾಡುತ್ತಾ 69ಕ್ಕೆ ನಿಂತಿತ್ತು. ಗೂಡಿನಲ್ಲಿ ಈಗ ಅತ್ತೆಯ ರೇಡಿಯೊ ಇದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸು, ‘ನೀ’ಗಳ ಜೊತೆ ಎರಡು ತಿಂಗಳಿಗೊಮ್ಮೆ ‘ಬ್ರಷ್’ ಅಂತಲೂ ಬರೆದಿರುತ್ತದೆ.